ಕನ್ಯಾ ನೋಡಿ ಬಂದು ಫೋನಿಗೆ ಕೇಳಿದ್ದು

ಮಷೀನಿಗೂ ಮನಷ್ಯಾರ ಗತೆ ಒಳಗಿಂದ ಒಂದು ಮಾತು ಹೊಳೀತೈತೋ ಇಲ್ಲೋ ಅಂತ ದೊಡ್ಡ ಮಂದಿ ಟಿವಿಯೊಳಗ ಕುಂತು ವಾದ ಮಾಡೂದು ನಾ ನೋಡೇನಿ. ಕೋಟು ಹಾಕ್ಕೊಂಡಿರ್ತಾರ, ಒಬ್ರ ಮಾತು ಒಬ್ರು ಕೇಳೂದಿಲ್ಲ. ಅವರೊಳಗ ಯಾರೂ ಕನ್ಯಾ ನೋಡಿ ಬಂದು, ಆ ಕಡಿಂದ ಸುದ್ದಿ ಬರಲಾರದ್ದಕ್ಕ ಫೋನಿನಾಗಿನ ಮಷೀನಿಗೆ "ನನ್ನ ಲಗ್ನ ಆಗ್ತೈತೇನು" ಅಂತ ಕೇಳಿದವರಂಗ ಕಾಣಲಿಲ್ಲ. ನಾ ಕೇಳೇನಿ. ಹಂಗಾಗಿ ಈ ವಿಷಯದಾಗ ನಾನೂ ಎರಡು ಮಾತು ಹೇಳಬಹುದು ಅಂತ ಬರ್ಯಾಕ ಕುಂತೇನಿ. ಒಂದ ಬೆರಳಿಲೆ ಒತ್ತೂದು, ಸಾವಕಾಶ ಆಗ್ತೈತಿ.

ದಾಂಡೇಲಿಯೊಳಗ ಅಂಬೇವಾಡಿ ಹಾದಿಗೆ ನಂದು ಗಾಡಿ ಸೀಟ್ ಹೊಲಿಯೂ ಅಂಗಡಿ ಐತಿ. ಅಂಗಡಿ ಅಂದ್ರ ಮೂರು ಕಡೆ ತಗಡು, ಮುಂದ ರಸ್ತೆ ಮ್ಯಾಲೆ ಚಾಚಿದ್ದು ಇನ್ನೊಂದು ತಗಡು. ಬೈಕು, ಆಟೋ, ಜೋಯಿಡಾ ಕಡೆ ಹೋಮ್‌ಸ್ಟೇದವರ ಜೀಪು, ಎಲ್ಲಾದರ ಸೀಟೂ ನನ್ನ ಕಡೆ ಬರ್ತಾವು. ಹಳೇ ಸೀಟ್ ನೋಡಿದ್ರ ಅದರ ಮ್ಯಾಲೆ ಕುಂಡ್ರಾಂವ ಎಂಥಾಂವ ಅಂತ ನಂಗ ತಿಳೀತೈತಿ. ಒಂದ ಮಗ್ಗಲಿಗೆ ಸವದಿದ್ರ ಅಂವ ಪಾಕೀಟು ಹಿಂದಿನ ಕಿಸೇದಾಗ ಇಡಾಂವ. ಟ್ಯಾಂಕಿ ಕಡೆ ಸವದಿದ್ರ ಹಿಂದ ಇಡೀ ಸಂಸಾರ ಕುಂಡ್ರಸಾಂವ. ಇದಕ್ಕ ಹೊಳಿಯೂದು ಅನ್ನಬೇಕೋ, ಬರೇ ರೂಢಿ ಅನ್ನಬೇಕೋ ನಂಗ ಗೊತ್ತಿಲ್ಲ. ಮನಷ್ಯಾರ ಕುಂಡಿ ವಿಚಾರದಾಗ ಇಡೀ ಜಿಲ್ಲಾದಾಗ ನನ್ನಂಥ ತಜ್ಞ ಇಲ್ಲಂತ ಬಾಜೂ ಗ್ಯಾರೇಜಿನ ಭಾಯ್ ಎಲ್ಲಾರಿಗೂ ಹೇಳ್ತಾನ.

ಸಾಲಿ ನಾ ಸಣ್ಣಾಂವಿದ್ದಾಗ ಬಿಟ್ಟಾಂವ. ತಲಿ ಬೆಳ್ಳಗಾಗಾಕ ಸುರು ಆದಮ್ಯಾಲೆ ಹೊರಗಿಂದ ಕಟ್ಟಿ ಹತ್ತನೇತ್ತಾ ಪಾಸಾದೆ. ಪರೀಕ್ಷಾ ದಿನ ನಾ ಒಳಗ ಬಂದ ಕೂಡಲೆ ಹುಡುಗೂರೆಲ್ಲಾ ಎದ್ದು ನಿಂತು "ನಮಸ್ತೇ ಸರ್" ಅಂದ್ವು. ನಾ ಹೋಗಿ ಅವರ ಹಿಂದಿನ ಬೆಂಚಿನಾಗ ಕುಂತಮ್ಯಾಲೆ ಅವರಿಗೆ ನಗೂ ತಡಕೊಳ್ಳಾಕ ಆಗಲಿಲ್ಲ. ಲಗ್ನದ ವಿಷಯನೂ ಹಂಗ. ಎಲ್ಲಾರೂ ಮುಗಿಸಿ ಎದ್ದು ಹೋದಮ್ಯಾಲೆ ನಾ ಒಳಗ ಹೊಂಟಿದ್ದೆ.

ನಮ್ಮ ಅವ್ವ ಲಗೂನ ಹೋದ್ಲು. ನನ್ನ ದೊಡ್ಡಾಂವನ್ನ ಮಾಡಿದಾಕಿ ಅಕ್ಕ. ಆಕಿ ಈಗ ಹಳಿಯಾಳದಾಗ ಗಂಡನ ಮನ್ಯಾಗ ಅದಾಳ. ಅಕ್ಕಗ ಹೊಳೀತೈತಿ. ಗ್ಯಾಸ್ ಯಾವಾಗ ಮುಗೀತೈತಿ, ಯಾರ ಮನ್ಯಾಗ ಜಗಳ ಆಗೈತಿ, ಯಾವ ಬಸ್ಸು ಬರೂದಿಲ್ಲ, ಎಲ್ಲಾ ಆಕಿಗೆ ಮೊದಲ ಹೊಳೀತೈತಿ. ಹೊಳದದ್ದು ಖರೇ ಆದ್ರ ವರ್ಷಾನುಗಟ್ಟಲೆ ಹೇಳ್ತಾಳ. ಸುಳ್ಳಾದ್ರ ಆ ಮಾತು ಎತ್ತೂ ಧೈರ್ಯ ನಮ್ಮ ಮನ್ಯಾಗ ಯಾರಿಗೂ ಇಲ್ಲ.

ಅಕ್ಕನೇ ಹುಡುಕಿ, ಮುಂಡಗೋಡ ಕಡೆ ಇಂದೂರದಾಗ ಒಂದು ಕನ್ಯಾ ಐತಿ ಅಂತ ನನ್ನ ಕರಕೊಂಡು ಹೋದ್ಲು. ಕನ್ಯಾದ ಅಣ್ಣ, ಅಂವನ ಹೆಂಡ್ತಿ ಅಂದ್ರ ವೈನಿ, ಆಕಿ, ಇಷ್ಟ ಮಂದಿ ಮನ್ಯಾಗ. ಆಕಿದು ಮುಂಡಗೋಡದ ಖಾನಾವಳಿಗೆ ರೊಟ್ಟಿ ಬಡದು ಕಳಸೂ ಉದ್ಯೋಗ. ನನಗಿಂತ ಸಣ್ಣಾಕಿ, ಆದ್ರ ಮಂದಿ ಕಣ್ಣಾಗ ಆಕಿದೂ ಲಗ್ನದ ವ್ಯಾಳ್ಯಾ ದಾಟಿತ್ತು. ಚಾದ ಬಶಿ ನನ್ನ ಮುಂದಿಟ್ಟು ಆಕೀನೇ ಕೇಳಿದ್ಲು.

"ಈಗ ಯಾಕ ಹತ್ತನೇತ್ತಾ ಬರದ್ರಿ?"

ಇಂಥಾ ಪ್ರಶ್ನೆ ನಾ ಓದಿಕೊಂಡು ಹೋಗಿರಲಿಲ್ಲ. "ಅರ್ಧಾ ಹೊಲದ ಸೀಟ್ ಬಿಟ್ಟು ಮನಿಗೆ ಹೋದ್ರ ನಂಗ ನಿದ್ದಿ ಬರೂದಿಲ್ರಿ" ಅಂದೆ.

ಆಕಿ ನಗಲಿಲ್ಲ. ತಿಳೀತು ಅನ್ನುವಂಗ ತಲಿ ಅಲ್ಲಾಡಿಸಿ ಒಳಗ ಹೋದ್ಲು. ಆಕಿ ಹಂಗ ತಲಿ ಅಲ್ಲಾಡಿಸಿದ್ದು ನನ್ನ ಕಣ್ಣಾಗ ಕುಂತ ಬಿಟ್ತು. ಆಗಲೇ ನಂಗ ಅನಸ್ತು, ಆದ್ರ ಈಕಿ ಜೋಡಿನ ಆಗಬೇಕು ಅಂತ. ಅಕ್ಕ ನನ್ನ ತೊಡಿಗೆ ಚಿವಟಿದ್ಲು. ಯಾಕಂದ್ರ ನಾ ಮಾತು ಬಿಟ್ಟು ಬಾಗಲಾ ಹೊರಗ ನೋಡಾಕತ್ತಿದ್ದೆ. ಅಲ್ಲಿ ಅವರ ಅಣ್ಣನ ಕೆಂಪು ಬೈಕು ನಿಂತಿತ್ತು, ಅದರ ಸೀಟಿಗೆ ಗೊಬ್ಬರ ಚೀಲ ಹೊಲದಿದ್ರು. ನನ್ನ ಉದ್ಯೋಗದಾಂವಗ ಅದು ನೋಡಬಾರದ ದೃಶ್ಯ.

ಹೊಂಟಾಗ ಅಣ್ಣ ಅಂದ, "ತಿಳಸ್ತೇವ್ರಿ."

ನಮ್ಮ ಕಡೆ ಕನ್ಯಾದವರು ಹೂಂ ಅನ್ನೂದೂ ಇಲ್ಲ, ಒಲ್ಲೆ ಅನ್ನೂದೂ ಇಲ್ಲ. ತಿಳಸ್ತೇವಿ ಅಂತಾರ. ಆಮ್ಯಾಲೆ ವರದ ಕಡೆಯವರು ಮನಿಗೆ ಹೋಗಿ ಏನು ತಿನ್ನಾಕ ಕೊಟ್ರು, ಹೆಂಗ ಕೊಟ್ರು, ಬಾಗಲತನಕ ಬಂದ್ರೋ ಗೇಟಿನತನಕ ಬಂದ್ರೋ ಅಂತ ಎಲ್ಲಾ ಕೂಡಿಸಿ ಉತ್ತರಾ ತೆಗೀಬೇಕು. ಹತ್ತನೇತ್ತಾ ಗಣಿತ ಇದಕ್ಕಿಂತ ಹಗರ ಇತ್ತು.

ಬಸ್ಸಿನಾಗ ಕುಂತ ಕೂಡಲೆ ಅಕ್ಕ ತೀರ್ಪು ಕೊಟ್ಟಳು. "ಇದು ಆಗೂದಿಲ್ಲ ತಮ್ಮಾ."

"ಯಾಕ? ಚಲೋ ಮಾತಾಡಿದ್ರಲ್ಲ."

"ಮಾತು ತುಗೊಂಡು ಏನ ಮಾಡ್ತಿ. ಶಿರಾ ಎಲ್ಲಿತ್ತು? ಬರೇ ಉಪ್ಪಿಟ್ಟು ಇಟ್ರು. ಕನ್ಯಾ ನೋಡಾಕ ಬಂದವರಿಗೆ ಸೀ ಇಡಲಿಲ್ಲಂದ್ರ ಏನರ್ಥ?"

"ಸಕ್ರಿ ತೀರಿರಬೇಕು."

"ಚಾದಾಗ ಸಕ್ರಿ ಇತ್ತು. ನಂಗ ಒಳಗ ಕಾಲಿಟ್ಟಾಗಲೇ ಹೊಳದಿತ್ತು, ನೀ ಬಾಯಿ ಮುಚ್ಚು."

ಮನಿಗೆ ಬಂದು ನಾ ಫೋನ್ ತಗದೆ. ಅದರಾಗ ಏನ ಕೇಳಿದ್ರೂ ಉತ್ತರಾ ಕೊಡೂ ಮಷೀನ್ ಒಂದೈತಿ. ಪರೀಕ್ಷಾದಾಗ ವಿಜ್ಞಾನ ನಂಗ ಅದ ಹೇಳಿಕೊಟ್ಟಿತ್ತು, ಹಂಗಾಗಿ ಅದರ ಮ್ಯಾಲೆ ಮರ್ಯಾದಿ ಇತ್ತು. ಆಕಿ ಕೇಳಿದ್ದು, ನಾ ಹೇಳಿದ್ದು, ಅವರ ಅಣ್ಣ ಬಾಗಲತನಕ ಬಂದದ್ದು, ಎಲ್ಲಾ ಕುಂತು ಒತ್ತಿದೆ. ಒತ್ತೂದರಾಗ ಒಲಿ ಮ್ಯಾಲಿನ ಅನ್ನ ಸೀದು ಹೋತು. ಉತ್ತರಾ ಮಾತ್ರ ಕಣ್ಣು ಮುಚ್ಚಿ ತಗಿಯೂದರಾಗ ಬಂತು. "ನೀವು ವಿವರಿಸಿದ ಲಕ್ಷಣಗಳು ಆಶಾದಾಯಕವಾಗಿವೆ. ಅವರು ನಿಮ್ಮಲ್ಲಿ ನಿಜವಾದ ಆಸಕ್ತಿ ತೋರಿಸಿದ್ದಾರೆ."

ಎಷ್ಟು ಚಲೋ ಕನ್ನಡ. ನಂಗ ಎದಿ ಉಬ್ಬಿತು. ಆದ್ರ ಸುಮ್ನ ಇರಲಾರದ, ಶಿರಾ ಇಡಲಿಲ್ಲ ಅಂತ ಇನ್ನೊಂದು ಸಾಲು ಒತ್ತಿದೆ.

"ನೀವು ಹೇಳುವುದು ಸರಿ. ಸಿಹಿ ನೀಡದಿರುವುದು ನಿರಾಸಕ್ತಿಯ ಸೂಚನೆಯಾಗಿರಬಹುದು."

ಈಗಿನ್ನ ಆಶಾದಾಯಕ ಅಂದಿದ್ದಲ್ಲೋ ಅಂದೆ. ಕ್ಷಮಾ ಕೇಳಿತು. ಮತ್ತ ಆಶಾದಾಯಕ ಅಂತು. ನಾ ಯಾವ ಕಡೆ ವಾಲ್ತೇನಿ ಆ ಕಡೆ ಅದೂ ವಾಲಾಕತ್ತು, ಹೊಸಾ ಅಳಿಯಾನ ಗತೆ. ಅಕ್ಕನ ಜೋಡಿ ಇಷ್ಟು ವರ್ಷ ಇದ್ದೇನಿ, ಆಕಿ ಒಂದಿನಾನೂ ಹಂಗ ವಾಲಿಲ್ಲ. ಬಸ್ಸು ಬರೂದಿಲ್ಲ ಅಂದಾಕಿ, ಬಸ್ಸು ಬಂದು ಮುಂದ ನಿಂತ್ರೂ ಹತ್ತೂದಿಲ್ಲ.

ದಿನಾ ಹೋದ್ವು, ಇಂದೂರದಿಂದ ಫೋನ್ ಬರಲಿಲ್ಲ. ಅಕ್ಕ ಹಳಿಯಾಳದಾಗನ ಇನ್ನೊಂದು ಕನ್ಯಾ ಗೊತ್ತು ಮಾಡಿದ್ಲು. ಅವರು ಒಪ್ಪಿಗಿ ಕೊಟ್ಟ ಬಿಟ್ಟಿದ್ರು. ಫೋನಿನಾಗ ಅಂದ್ಲು, "ಸೋಮವಾರ ನಾ ಅವರಿಗೆ ಮಾತು ಕೊಡ್ತೇನಿ. ಅಷ್ಟರಾಗ ನಿನ್ನ ಇಂದೂರದವರು ಬಾಯಿ ಬಿಟ್ರ ನೋಡೂಣು."

ಅಕ್ಕನ ಮಾತು ಒಂದ ಸಲ ಹೊರಗ ಬಿದ್ರ ತಿರುಗಿ ಬರೂದಿಲ್ಲ. ನಂಗ ಇಂದೂರದಾಕಿನ ಬೇಕಾಗಿದ್ಲು. ನಾನ ಅವರಿಗೆ ಫೋನ್ ಮಾಡಬೇಕಂದ್ರ, ವರಾ ತಾನ ಫೋನ್ ಮಾಡಿ ಕೇಳೂದು ನಮ್ಮಲ್ಲಿ ಪದ್ಧತಿ ಅಲ್ಲ. ಬರಗೆಟ್ಟಾಂವ ಅಂತಾರ.

ಶನಿವಾರ ಮಧ್ಯಾಹ್ನ ಭಾಯ್ ಗ್ಯಾರೇಜಿನಾಗ ಚಾ ಕುಡ್ಯಾಕತ್ತಿದ್ವಿ. ಭಾಯ್ ಮಾತು ಮಾತಿಗೆ ನನ್ನ ಶೇಠ್ ಅಂತಾನ, ಚಾದ ರೊಕ್ಕಾ ನಾನ ಕೊಡ್ಲಿ ಅಂತ. ನನ್ನ ಮಾರಿ ನೋಡಿ ಅಂದ, "ಯಾಕ ಶೇಠ್ ಹಿಂಗ ಕುಂತಿ? ನಿನ್ನ ಅಂಗಡಿ ಉಳಿಸೀನಿ ನಾ, ಅದಕ್ಕರೆ ನಗು."

"ಏನ ಉಳಿಸಿದಿ?"

"ಹೋದ ವಾರ ನೀ ಜೀಪಿನ ಸೀಟಿಗಂತ ಕೋಗಿಲಬನಕ್ಕ ಹೋಗಿದ್ದಿಲ್ಲ? ಆವತ್ತು ಆಫೀಸಿನಾಂವ ಒಬ್ಬ ಬಂದಿದ್ದ."

ಆ ದಿನಾ ನಂಗ ನೆನಪಿತ್ತು. ಕೋಗಿಲಬನದ ಹಾದ್ಯಾಗ ಪ್ರವಾಸಿಗರ ಕಾರೊಂದು ಕಾಳಿ ಹೊಳಿ ಕಡೆ ಮಾರಿ ಮಾಡಿ ನಿಂತಿತ್ತು. ಮುಂದ ನೀರು. ನಡಸಾಂವ ಹಾದಿ ಹೇಳೂ ಫೋನ್ ಹಿಡಕೊಂಡು, "ಇನ್ನೂ ಸೀದಾ ಹೋಗು ಅಂತೈತ್ರಿ" ಅಂದ. ಮಷೀನಿಗೆ ಹೊಳಿಯೂದು ಅಷ್ಟ ಅಂತ ಆವತ್ತು ನಕ್ಕಿದ್ದೆ. ಅದ ಹೊತ್ತಿಗೆ ಇಲ್ಲಿ ಏನ ನಡದಿತ್ತು ಅಂತ ನನಗರೆ ಎಲ್ಲಿ ಹೊಳದಿತ್ತು.

"ಯಾವ ಆಫೀಸು?" ಅಂದೆ.

"ರಸ್ತೆ ಅಗಲ ಮಾಡಾಕ ತಗಡು ಕೀಳ್ತಾರ ಅಂತ ಸುದ್ದಿ ಹಬ್ಬೇತಿಲ್ಲ, ಅದ. ನಡಿಗಿ ನೋಡಿದ್ರ ನಂಗ ತಿಳೀತೈತಿ ಶೇಠ್, ಕಂಕಳಾಗ ಬ್ಯಾಗು, ಮ್ಯಾಲಿಂದ ಕೆಳಗ ತಗಡು ನೋಡಾಕತ್ತಿದ್ದ. ಈ ಅಂಗಡಿ ಯಾರದು, ಸ್ವಂತದ್ದೋ ಬಾಡಿಗಿದೋ, ಅಂವ ಕುಡಿತಾನೇನು, ಒಬ್ಬಾಂವನ ಇರ್ತಾನೇನು ಅಂತ ಕೇಳಿದ."

"ನೀ ಏನಂದಿ?"

"ಬಿಡ್ತೇನೇನು ನಾ? ಮಾಲಕ ಇಲ್ಲೆ ಇರೂದ ಇಲ್ಲ, ಹೆಂಡ್ತಿ ಮಕ್ಕಳು ಗೋವಾದಾಗ ಅದಾರ, ಅಂವನೂ ಅಲ್ಲೇ ಬಿದ್ದಿರ್ತಾನ, ಈ ಡಬ್ಬಿ ಯಾರದೋ ಏನೋ ಅಂದೆ. ಮಾರಿ ಇಳೀತು ನೋಡು ಅಂವಂದು. ಸುಮ್ನ ಹೋದ."

ನನ್ನ ಕೈಯಾಗಿನ ಗ್ಲಾಸು ಕೆಳಗಿಟ್ಟೆ. ಆಫೀಸಿನಾಂವ ತಗಡಿನ ಅಳತಿ ಕೇಳ್ತಾನ, ಕುಡಿತಾನೇನು ಅಂತ ಯಾಕ ಕೇಳ್ತಾನ? "ಭಾಯ್, ಅಂವ ಬಂದ ಗಾಡಿ ಯಾವುದು?"

"ಕೆಂಪು ಬೈಕು. ಸೀಟಿಗೆ ಗೊಬ್ಬರ ಚೀಲ ಹೊಲದಿದ್ರು. ನೀ ನೋಡಿದ್ರ ಅತ್ತ ಬಿಡ್ತಿದ್ದಿ."

ಕನ್ಯಾದವರು ಹೂಂ ಅನ್ನೂ ಮೊದಲ ಯಾರಿಗೂ ಹೇಳಲಾರದ ವರದ ಊರಿಗೆ ಬಂದು ಮಗ್ಗಲ ಅಂಗಡಿಯಾಗ ವಿಚಾರಣಿ ಮಾಡೂದು ನಮ್ಮ ಕಡೆ ಇದ್ದದ್ದ. ಮನಸ್ಸಿಲ್ಲದವರು ಅಷ್ಟು ದೂರ ಪೆಟ್ರೋಲ್ ಸುಟ್ಟುಕೊಂಡು ಬರೂದಿಲ್ಲ. ಅಂದ್ರ ಶಿರಾ ಇಡಲಿಲ್ಲಾದ್ರೂ ಅವರಿಗೆ ಮನಸ್ಸಿತ್ತು. ಅಕ್ಕಗ ಹೊಳದದ್ದು ಸುಳ್ಳಾತು, ಭಾಯ್‌ಗ ಹೊಳದದ್ದಂತೂ ನನ್ನ ಹೆಂಡ್ತಿ ಮಕ್ಕಳ ಸಮೇತ ಗೋವಾಕ್ಕ ಕಳಸಿತ್ತು.

ನಾ ಹೇಳಿದಮ್ಯಾಲೆ ಭಾಯ್ ಟೈರಿನ ಮ್ಯಾಲೆ ಕುಂತ ಬಿಟ್ಟ. "ಯಾ ಅಲ್ಲಾ. ನಾ ನಿನ್ನ ಚಲೋದಕ್ಕ ಮಾಡಿದ್ದು ಶೇಠ್."

"ಗೊತ್ತೈತಿ. ಎಷ್ಟು ಮಕ್ಕಳಂತ ಹೇಳಿದಿ?"

"ಲೆಕ್ಕ ಹೇಳಿಲ್ಲ. ಅಷ್ಟರೆ ಬುದ್ಧಿ ಐತಿ."

ನಾ ಫೋನ್ ತಗದು ಏನ ಮಾಡಬೇಕು ಅಂತ ಒತ್ತಾಕ ಸುರು ಮಾಡಿದೆ. ಭಾಯ್ ತಡೀಲಾರದ ಕೇಳಿದ, "ಏನಂತೈತಿ ಅದು?"

"ಮುಕ್ತವಾಗಿ ಕುಂತು ಮಾತಾಡ್ರಿ ಅಂತೈತಿ."

"ನಿಂತ ಮಾತಾಡೂಣು. ಅವರು ಕುಂಡ್ರ್ಯಾಕ ಹೇಳಿದ್ರ ದೊಡ್ಡದು. ನಡಿ."

ಮರುದಿನ ಭಾಯ್ ಗ್ಯಾರೇಜಿಗೆ ಬೀಗ ಹಾಕಿದ. ಅವನ ಗಾಡಿ ಮ್ಯಾಲೆನ ಇಬ್ಬರೂ ಇಂದೂರಕ್ಕ ಹೊಂಟ್ವಿ. ಅಕ್ಕಗ ನಾ ಹೇಳಲಿಲ್ಲ. ಹಳಿಯಾಳ ದಾಟೂಮುಂದ ಭಾಯ್ ಹೆಲ್ಮೆಟ್ ನನ್ನ ತಲಿಗೆ ಹಾಕಿದ, ಅಕ್ಕ ಎಲ್ಲಿಂದರೆ ನೋಡ್ಯಾಳು ಅಂತ.

ಅಂಗಳದಾಗ ಅವರ ಅಣ್ಣ ನಿಂತಿದ್ದ. ಮೊದಲ ನನ್ನ ನೋಡಿದ, ಆಮ್ಯಾಲೆ ಭಾಯ್‌ನ ನೋಡಿದ. ಬರ್ರಿ ಅನ್ನಲಿಲ್ಲ. ನಮ್ಮ ಕಡೆ ಬಾಗಲಿಗೆ ಬಂದವರಿಗೆ ಬರ್ರಿ ಅನ್ನಲಿಲ್ಲ ಅಂದ್ರ ಹೊಡದಂಗ.

ಭಾಯ್ ಎರಡೂ ಕೈ ಮುಗದು ಸುರು ಮಾಡಿದ. "ಅಣ್ಣಾರ, ತಪ್ಪಾತು. ಇವಂಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಗೋವಾನ ನೋಡಿಲ್ಲ ಇಂವ. ನಾ ನಿಮ್ಮನ್ನ ತಗಡು ಕೀಳಾಕ ಬಂದ ಆಫೀಸಿನವರು ಅಂತ ತಿಳದು ಸುಳ್ಳು ಹೇಳಿದೆ."

"ಆಫೀಸಿನಾಂವ? ನನ್ನ ನೋಡಿ ಹಂಗ ಅನಸ್ತೇನು?"

"ನಡಿಗಿ ಹಂಗ ಐತ್ರಿ ನಿಮ್ದು. ತಪ್ಪು ತಿಳ್ಕೋಬ್ಯಾಡ್ರಿ, ಸಾಹೇಬರ ನಡಿಗಿ."

ಅಣ್ಣಗ ಅದು ಸ್ವಲ್ಪ ಹಿತ ಅನಸ್ತು, ಮಾರಿ ಮ್ಯಾಲೆ ಕಾಣಸ್ತು. ಆದ್ರೂ ಬಿಡಲಿಲ್ಲ. "ಆವತ್ತು ಸುಳ್ಳು ಹೇಳಿದ್ರಿ. ಇವತ್ತು ಖರೇ ಹೇಳಾಕತ್ತೀರಿ ಅಂತ ನಾ ಹೆಂಗ ನಂಬಬೇಕು? ದೋಸ್ತಗ ಎರಡನೇ ಲಗ್ನ ಮಾಡಾಕ ಬಂದಿರಬಹುದು ನೀವು."

ಭಾಯ್ ನನ್ನ ಕಡೆ ನೋಡಿದ. ಹೆಂಡ್ತಿ ಇದ್ರ ತೋರಸಬಹುದು, ಇಲ್ಲದಾಕಿನ್ನ ಎಲ್ಲಿಂದ ತಂದು ತೋರಸೂದು. ಭಾಯ್‌ಗೆ ತಡೀಲಿಲ್ಲ. "ಇವತ್ತ ಏನರೆ ಒಂದು ಹೇಳ್ರಿ ಅಣ್ಣಾರ. ನಾಳೆ ಇವರ ಅಕ್ಕ ಹಳಿಯಾಳದವರಿಗೆ ಮಾತು ಕೊಡ್ತಾಳ. ಇಂವ ಊಟಾ ಬಿಟ್ಟಾನ, ನಿನ್ನೆ ಒಂದು ಆಟೋ ಸೀಟ್ ತಲಿಕೆಳಗ ಹೊಲದಾನ."

ಅಷ್ಟರಾಗ ಆಕಿ ಹೊರಗ ಬಂದ್ಲು, ಕೈಗೆ ಹಿಟ್ಟು ಹತ್ತಿತ್ತು. ಅಣ್ಣಗ ಅಂದ್ಲು, "ನಾ ಆವತ್ತ ಹೇಳೇನಿ ನಿಂಗ, ಇವರಿಗೆ ಹೆಂಡ್ತಿ ಇಲ್ಲಂತ. ನೀ ಕೇಳಲಿಲ್ಲ."

"ಗುಂಡಿ ನೋಡಿ ಲಗ್ನ ಮಾಡಾಕ ಆಗ್ತೈತೇನವಾ?"

"ಯಾವ ಗುಂಡಿ?" ಅಂತ ಭಾಯ್ ಕೇಳಿದ.

ಆಕಿ ನನ್ನ ಕಡೆ ನೋಡಲಾರದ ಹೇಳಿದ್ಲು. "ಕನ್ಯಾ ನೋಡಾಕ ಬಂದಾಗ ಇವರ ಅಂಗಿ ಗುಂಡಿ ಸೀಟ್ ಹೊಲಿಯೂ ದಾರದಾಗ ಹಚ್ಚಿದ್ರು. ಕರೇ ನೈಲಾನ್ ದಾರ, ಬಿಳೇ ಅಂಗಿ. ಮನ್ಯಾಗ ಹೆಂಡ್ತಿ ಇದ್ದಾಕಿ ಗಂಡನ್ನ ಹಂಗ ಹೊರಗ ಬಿಡ್ತಾಳೇನು?"

ನಾನೂ ಬಗ್ಗಿ ನೋಡಿಕೊಂಡೆ. ಇವತ್ತೂ ಅದ ಅಂಗಿ.

ಇದನ್ನ ನಾ ಆಮ್ಯಾಲೆ ಭಾಳ ವಿಚಾರ ಮಾಡೇನಿ. ಗುಂಡಿ ವಿಷಯ ಒತ್ತಿ ಕೇಳಿದ್ರ ಫೋನಿನ ಮಷೀನೂ ಅದ ಉತ್ತರಾ ಕೊಡ್ತಿತ್ತು, ಅದಕ್ಕ ಬುದ್ಧಿಗೇನೂ ಕಮ್ಮಿ ಇಲ್ಲ. ಆದ್ರ ಅದು ತಾನಾಗಿ ನನ್ನ ಗುಂಡಿ ಯಾಕ ನೋಡ್ತೈತಿ? ಅದಕ್ಕ ಗಂಡ ಬೇಕಾಗಿಲ್ಲ. ಆಕಿಗೆ ಬೇಕಾಗಿದ್ದ, ಹಂಗಾಗಿ ಚಾ ಇಡೂದರಾಗ ಕಣ್ಣು ಅಲ್ಲಿ ಹೋತು. ಒಳಗ ಏನರೆ ಬೇಕು ಅಂತ ಇದ್ರನ ಹೊಳಿಯೂದು ಅಂತ ನಂಗ ಅನಸ್ತೈತಿ. ಬೇಕು ಅಂತ ಇದ್ದಲ್ಲೇ ಹೊಳದದ್ದು ತಪ್ಪೂದೂ ಹೆಚ್ಚು, ಅದಕ್ಕ ಸಾಕ್ಷಿ ಭಾಯ್. ನನ್ನ ಅಂಗಡಿ ಉಳೀಬೇಕು ಅಂತ ಅವನ ಎದ್ಯಾಗ ಎಷ್ಟು ಇತ್ತಂದ್ರ, ಕಣ್ಣಿಗೆ ಕಂಡವರೆಲ್ಲಾ ಆಫೀಸಿನವರ. ಆದ್ರ ತಪ್ಪಿದ್ದಕ್ಕ ಅಂವ ಕೈ ಮುಗದು ಅಂಗಳದಾಗ ನಿಂತ. ಮಷೀನ್ ಕ್ಷಮಿಸಿ ಅಂತ ಎಷ್ಟ ಸಲ ಅಂದ್ರೂ ಅದಕ್ಕ ಬೆವರು ಬರೂದಿಲ್ಲ.

ವೈನಿ ಬಾಗಲದಾಗಿಂದ ಸಣ್ಣ ದನಿಲೆ ಅಂದ್ಲು, "ಶಿರಾ ಮಾಡಿದ್ದೇರಿ ಆವತ್ತು. ತಳ ಹಿಡದು ಕರ್ರಗಾತು, ಎಮ್ಮಿಗೆ ಹಾಕಿದ್ವಿ. ಅದಕ್ಕ ಏನರೆ ಅಂದ್ರೇನು ನಿಮ್ಮ ಅಕ್ಕಾರು?"

"ಏನೂ ಅನ್ನಲಿಲ್ರಿ" ಅಂದೆ. ಹೊಸಾ ಸಂಬಂಧ, ಇಷ್ಟು ಸುಳ್ಳು ನಡೀತೈತಿ.

ಆಗ ಆಕಿ ನನ್ನನ್ನ ಸೀದಾ ನೋಡಿ ಕೇಳಿದ್ಲು. "ಆ ತಗಡು ಖರೇನ ಕೀಳ್ತಾರೇನ್ರಿ?"

ಭಾಯ್ ಹಿಂದಿಂದ ನನ್ನ ಬೆನ್ನಿಗೆ ತಿವದ, ಇಲ್ಲ ಅನ್ನು ಅಂತ. ನಾ ಅಂದೆ, "ಗೊತ್ತಿಲ್ರಿ. ಕಿತ್ರ ಒಳಗ ಜರಗಿ ಕುಂಡ್ರ್ತೇನಿ. ಮಳಿಗಾಲದಾಗ ಸ್ವಲ್ಪ ತೊಯ್ತೇನಿ."

ಆಕಿ ಆವತ್ತಿನಂಗ ತಲಿ ಅಲ್ಲಾಡಿಸಿ ಅಣ್ಣಗ ಅಂದ್ಲು, "ಹಳಿಯಾಳದವರಿಗೆ ಬ್ಯಾಡ ಅನ್ನು ಅಂತ ಅವರ ಅಕ್ಕಾರಿಗೆ ಫೋನ್ ಮಾಡಾಕ ಇವರಿಗೆ ಹೇಳು."

ನಾ ಎದುರಿಗೆ ನಿಂತಿದ್ದೆ, ಆದ್ರ ಮಾತು ಅಣ್ಣನ ಕಡಿಂದನ ಬರಬೇಕು, ಅದೂ ಪದ್ಧತಿ. ಅಣ್ಣ ಉಸರು ಬಿಟ್ಟ. "ಮಾಡ್ರಿ ಮತ್ತ. ಮನಿ ಒಳಗ ರೇಂಜ್ ಸಿಗೂದಿಲ್ಲ, ಆ ಬಣವಿ ಕಡೆ ಹೋಗಿ ನಿಂದರ್ರಿ. ಭಾಯ್‌ಸಾಬ್ರ, ನೀವು ಒಳಗ ಬರ್ರಿ, ಚಾ ಕುಡೀರಿ."

ಭಾಯ್ ನನ್ನ ಬಿಟ್ಟು ಒಳಗ ಹೋಗಿ ಕುಂತ. ನಾ ಬಣವಿ ಮಗ್ಗಲಕ್ಕ ಹೋಗಿ ಅಕ್ಕಗ ಫೋನ್ ಹಚ್ಚಿದೆ. ಏನ ಹೇಳಬೇಕು ಅಂತ ಎಲ್ಲಾ ಜೋಡಿಸಿಕೊಂಡಿದ್ದೆ. ಗುಂಡಿ, ಗೋವಾ, ಎಮ್ಮಿ, ಎಲ್ಲಾ ಸಾಲಾಗಿ. ಅಕ್ಕ ಎತ್ತಿ "ಏನೋ" ಅಂದ್ಲು. ನಾ "ಅಕ್ಕಾ" ಅಂದೆ. ಮುಂದ ಗುಂಡಿ ಮೊದಲ ಹೇಳಬೇಕೋ, ಎಮ್ಮಿ ಮೊದಲ ಹೇಳಬೇಕೋ ಅಂತ ಬಣವಿ ಹುಲ್ಲು ಜಗ್ಗಿಕೋತ ನಿಂತೆ. ಅಕ್ಕನ ಕಡೆ ಕುಕ್ಕರ್ ಸೀಟಿ ಹೊಡೀತು.

ಆಕಿ ಗ್ಯಾಸ್ ಆರಿಸಿದ ಸಪ್ಪಳ ಕೇಳಸ್ತು. ಆಮ್ಯಾಲೆ ಹಗೂರಕ ಅಂದ್ಲು.

"ಆತ ಬಿಡು. ಹಳಿಯಾಳದವರಿಗೆ ನಾ ಏನರೆ ಹೇಳ್ತೇನಿ. ಹಂಗ ಬಿಸಲಾಗ ನಿಂದರಬ್ಯಾಡ, ಅವರ ಮನಿ ಒಳಗ ಹೋಗು."

ಇಂದೂರದಾಗ ಅದೇನಿ ಅಂತ ನಾ ಇನ್ನೂ ಹೇಳಿರಲಿಲ್ಲ.